ರಾಜ್ಯದ ಗಡಿ ದಾಟಿದರೆ ನರ್ಸ್ ಅಲ್ಲವೇ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಬಂಧುಗಳೇ,

ನಿಮ್ಮಲ್ಲಿ ವೈದ್ಯರಿದ್ದೀರಿ, ನನ್ನಂಥ ನರ್ಸ್‌ಗಳಿದ್ದೀರಿ, ಆಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರಿದ್ದೀರಿ. ಪೌರತ್ವ ಪಡೆದು ಓಟು ಹಾಕುವವರಂತೂ ಬಹಳ ಮಂದಿ. ಕನ್ನಡ ಕೂಟದಲ್ಲಿ ಯುಗಾದಿಗೂ ರಾಜ್ಯೋತ್ಸವಕ್ಕೂ ಸೇರುವ ನಾವು ಈ ನೆಲದ ಕಷ್ಟಸುಖದ ಬಗ್ಗೆ ಬಾಯಿಬಿಡುವುದು ಕಡಿಮೆ. ಇವತ್ತು ಬಾಯಿಬಿಡಬೇಕಾದ ಒಂದು ಸಂಗತಿ ಇದೆ. ಒಂದು ರಾಜ್ಯದಲ್ಲಿ ವರ್ಷಗಟ್ಟಲೆ ರೋಗಿಗಳನ್ನು ನೋಡಿಕೊಂಡ, ಒಂದೂ ದೂರಿಲ್ಲದ ನರ್ಸ್, ಗಡಿ ದಾಟಿ ಇನ್ನೊಂದು ರಾಜ್ಯಕ್ಕೆ ಹೋದ ಕೂಡಲೇ ನರ್ಸೇ ಅಲ್ಲ ಅನ್ನಿಸಿಕೊಳ್ಳುತ್ತಾಳೆ. ಅವಳ ತಪ್ಪು ಇಷ್ಟೇ: ಅವಳು ದೂರಶಿಕ್ಷಣದಲ್ಲಿ ಓದಿದಳು.

ಇದನ್ನು ಯಾರದೋ ಮನೆಯ ತಾಪತ್ರಯ ಎಂದು ಪಕ್ಕಕ್ಕೆ ಸರಿಸಬೇಡಿ. ಯಾಕೆ ಸರಿಸಬಾರದು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಈ ದೇಶದಲ್ಲಿ ನರ್ಸ್‌ಗಳದ್ದು ಎರಡು ಮುಖ್ಯ ದರ್ಜೆ. ಸುಮಾರು ಒಂದು ವರ್ಷದ ತರಬೇತಿ ಮುಗಿಸಿ ಲೈಸೆನ್ಸ್ ಪಡೆಯುವವರು ಎಲ್‌ಪಿಎನ್. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ಗಳಲ್ಲಿ ಅವರನ್ನೇ ಎಲ್‌ವಿಎನ್ ಅನ್ನುತ್ತಾರೆ. ಅವರ ಮೇಲಿನ ದರ್ಜೆಯವರು ಆರ್‌ಎನ್, ಅಂದರೆ ನೋಂದಾಯಿತ ನರ್ಸ್. ವೃದ್ಧರ ನರ್ಸಿಂಗ್ ಹೋಮ್‌ಗಳನ್ನು ಹೊತ್ತು ನಿಂತಿರುವವರು ಬಹುಪಾಲು ಎಲ್‌ಪಿಎನ್‌ಗಳೇ. ಕಪ್ಪುವರ್ಣೀಯ ಹೆಂಗಸರ ಪಾಲು ಆರ್‌ಎನ್‌ಗಳಿಗಿಂತ ಅವರಲ್ಲೇ ಹೆಚ್ಚು. 2023ರ ಸರ್ಕಾರಿ ಅಂಕಿಅಂಶದ ಪ್ರಕಾರ ಆರ್‌ಎನ್ ಒಬ್ಬರ ಮಧ್ಯಮ ವಾರ್ಷಿಕ ಸಂಬಳ ಸುಮಾರು 86,000 ಡಾಲರ್, ಎಲ್‌ಪಿಎನ್‌ಗೆ 60,000ಕ್ಕೂ ತುಸು ಕಡಿಮೆ. ಈ ವ್ಯತ್ಯಾಸದಲ್ಲಿ ಒಂದು ಮಗುವಿನ ಕಾಲೇಜು ಇದೆ, ಒಂದು ಮನೆಯ ಕಂತು ಇದೆ, ಎರಡನೇ ಡ್ಯೂಟಿ ಬಿಟ್ಟು ಮಲಗಬಹುದಾದ ರಾತ್ರಿಗಳಿವೆ.

ಎಲ್‌ಪಿಎನ್ ಆಗಿರುವವಳು ಆರ್‌ಎನ್ ಆಗಬೇಕಾದರೆ ಮತ್ತೆ ಕಾಲೇಜು ಮೆಟ್ಟಿಲು ಹತ್ತಬೇಕು. ಹಗಲು ಹೊತ್ತಿನ ತರಗತಿ, ವಾರದ ನಡುವೆ ಆಸ್ಪತ್ರೆಯಲ್ಲಿ ಕ್ಲಿನಿಕಲ್ ತರಬೇತಿ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಆದರೆ? ಹತ್ತಿರದ ಕಾಲೇಜು ಎರಡು ಗಂಟೆ ಕಾರಿನ ದಾರಿಯಾದರೆ? ಹೋಗಲಿ, ಹೇಗೋ ಹೊಂದಿಸಿಕೊಂಡಳು ಅನ್ನಿ, ಸೀಟು ಸಿಗಬೇಕಲ್ಲ. ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘದ ಲೆಕ್ಕದಂತೆ 2023ರಲ್ಲಿ ಪದವಿ ಮತ್ತು ಸ್ನಾತಕೋತ್ತರ ಕೋರ್ಸ್‌ಗಳಿಂದ ವಾಪಸಾದ ಅರ್ಜಿಗಳು 65,000ಕ್ಕೂ ಹೆಚ್ಚು. ಅವು ಅನರ್ಹರ ಅರ್ಜಿಗಳಲ್ಲ. ಅರ್ಹತೆ ಇದ್ದೂ ಪಾಠ ಹೇಳುವವರ ಕೊರತೆ, ಆಸ್ಪತ್ರೆಗಳಲ್ಲಿ ಕ್ಲಿನಿಕಲ್‌ಗೆ ಜಾಗದ ಕೊರತೆ ಎಂದು ಹಿಂದಕ್ಕೆ ಬಂದವು.

ಇಂಥವರಿಗಾಗಿಯೇ ಒಂದು ಬಾಗಿಲು ತೆರೆದಿತ್ತು. 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಶಿಕ್ಷಣ ವ್ಯವಹಾರ ನೋಡಿಕೊಳ್ಳುವ ಬೋರ್ಡ್ ಆಫ್ ರೀಜೆಂಟ್ಸ್ ಒಂದು ಬಾಹ್ಯ ಪದವಿ ಯೋಜನೆ ಶುರುಮಾಡಿತು. ಗೊತ್ತಿರುವುದನ್ನು ತೋರಿಸಿಕೊಡಿ, ಎಲ್ಲಿ ಕಲಿತಿರಿ ಎಂದು ಕೇಳುವುದಿಲ್ಲ ಎಂಬುದು ಅದರ ತಿರುಳು. ಸ್ವಲ್ಪ ಕಾಲದಲ್ಲೇ ನರ್ಸಿಂಗ್ ಕೂಡ ಅದರೊಳಗೆ ಬಂತು. 1998ರಲ್ಲಿ ಅದು ಸ್ವತಂತ್ರ ಸಂಸ್ಥೆಯಾಯಿತು, 2001ರಲ್ಲಿ ಎಕ್ಸೆಲ್ಸಿಯರ್ ಕಾಲೇಜು ಎಂದು ಹೆಸರು ಬದಲಿಸಿಕೊಂಡಿತು, 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಆಲ್ಬನಿಯಲ್ಲಿರುವ ಈ ಸಂಸ್ಥೆಯ ನರ್ಸಿಂಗ್ ಕೋರ್ಸಿಗೆ ಬಂದವರು ಆಗತಾನೇ ಹೈಸ್ಕೂಲು ಮುಗಿಸಿದ ಮಕ್ಕಳಲ್ಲ. ಎಲ್‌ಪಿಎನ್‌ಗಳು, ಆಂಬ್ಯುಲೆನ್ಸಿನ ಪ್ಯಾರಾಮೆಡಿಕ್‌ಗಳು, ಸೈನ್ಯದಲ್ಲಿ ಗಾಯಾಳುಗಳನ್ನು ನೋಡಿಕೊಂಡವರು ಬಂದರು. ರಕ್ತ ನೋಡಿ ಗೊತ್ತಿದ್ದವರು, ಸಾವು ನೋಡಿ ಗೊತ್ತಿದ್ದವರು.

ದೂರಶಿಕ್ಷಣ ಅಂದ ಕೂಡಲೇ ಅಂಚೆಯಲ್ಲಿ ಪುಸ್ತಕ ತರಿಸಿಕೊಂಡು ಅಂಚೆಯಲ್ಲೇ ಸರ್ಟಿಫಿಕೇಟ್ ತರಿಸಿಕೊಳ್ಳುವ ಚಿತ್ರ ಕಣ್ಮುಂದೆ ಬರುತ್ತದೆ. ಹಾಗಾದರೆ ಆ ಕಾಲೇಜು ದಶಕಗಳ ಕಾಲ ನಡೆಸಿದ ಪ್ರಾಯೋಗಿಕ ಪರೀಕ್ಷೆ ಹೇಗಿತ್ತು ಕೇಳಿ. ನಿಜವಾದ ಆಸ್ಪತ್ರೆಯಲ್ಲಿ, ವಾರಾಂತ್ಯದಲ್ಲಿ, ಎರಡೂವರೆ ದಿನ. ಮೊದಲು ಲ್ಯಾಬಿನಲ್ಲಿ ನಾಲ್ಕು ಕೆಲಸ: ಗಾಯಕ್ಕೆ ಸ್ಟೆರೈಲ್ ಡ್ರೆಸಿಂಗ್, ಇಂಜೆಕ್ಷನ್, ಐವಿ ಮೂಲಕ ಔಷಧ ಕೊಡುವುದು, ಡ್ರಿಪ್ ಹಾಕಿ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕೆಂದು ಲೆಕ್ಕ ಹಾಕಿ ಹೊಂದಿಸುವುದು. ಆಮೇಲೆ ವಾರ್ಡಿಗೆ. ಅಲ್ಲಿ ಬೊಂಬೆಗಳಿಲ್ಲ, ನರಳುವ ರೋಗಿಗಳೇ ಇದ್ದಾರೆ, ದೊಡ್ಡವರೂ ಮಕ್ಕಳೂ. ಒಬ್ಬೊಬ್ಬರ ಆರೈಕೆಗೆ ಎರಡೂವರೆ ಗಂಟೆ. ಬೆನ್ನ ಹಿಂದೆಯೇ ಪರೀಕ್ಷಕಿ. ಕೈ ತೊಳೆಯದೆ ರೋಗಿಯನ್ನು ಮುಟ್ಟಿದರೆ ಮುಗಿಯಿತು. ಕೈಪಟ್ಟಿಯ ಹೆಸರು ನೋಡದೆ ಮಾತ್ರೆ ಕೊಟ್ಟರೆ ಮುಗಿಯಿತು. ಬೀಳುವ ಅಪಾಯ ಇರುವ ರೋಗಿಯನ್ನು ಹಾಗೇ ಬಿಟ್ಟು ಆಚೆ ಬಂದರೆ ಮುಗಿಯಿತು. ಉಳಿದ ತೊಂಬತ್ತೊಂಬತ್ತು ಸರಿಯಿದ್ದರೂ ಅದೊಂದು ತಪ್ಪಿಗೆ ಆ ರೋಗಿಯ ಲೆಕ್ಕದಲ್ಲಿ ಫೇಲ್. ನಾನು ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದವಳು. ಮಂಚದ ಪಕ್ಕ ನಿಂತು ಪ್ರಾಕ್ಟಿಕಲ್ ಕೊಟ್ಟಿದ್ದೇನೆ, ಎಕ್ಸಾಮಿನರ್ ಮುಖ ನೋಡಿ ನಡುಗಿದ್ದೇನೆ. ಆದರೂ ಹೇಳುತ್ತೇನೆ, ಇದು ನಾನು ಕೊಟ್ಟ ಪರೀಕ್ಷೆಗಿಂತ ಕಷ್ಟದ್ದು.

ಇಷ್ಟೆಲ್ಲ ಮುಗಿದ ಮೇಲೂ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಬರೆಯಲೇಬೇಕು. ಅದನ್ನು ಮಿಯಾಮಿಯಲ್ಲಿ ಬರೆದರೂ ಷಿಕಾಗೊದಲ್ಲಿ ಬರೆದರೂ, ನಮ್ಮ ಹುಡುಗಿಯರು ಬೆಂಗಳೂರಿನ ಕೇಂದ್ರದಲ್ಲಿ ಕೂತು ಬರೆದರೂ ಪರೀಕ್ಷೆ ಒಂದೇ. 1994ರಿಂದ ಅದು ಕಂಪ್ಯೂಟರಿನಲ್ಲಿ ನಡೆಯುತ್ತದೆ, ನೀವು ಕೊಟ್ಟ ಉತ್ತರ ನೋಡಿ ಮುಂದಿನ ಪ್ರಶ್ನೆಯ ಕಷ್ಟ ಏರುತ್ತದೆ, ಇಳಿಯುತ್ತದೆ. ಈಗ 85ರಿಂದ 150 ಪ್ರಶ್ನೆ, ಐದು ಗಂಟೆ ಸಮಯ. ದೂರಶಿಕ್ಷಣದವಳಿಗೆ ಸುಲಭದ ಪತ್ರಿಕೆ, ರೆಗ್ಯುಲರ್ ಕಾಲೇಜಿನವಳಿಗೆ ಕಷ್ಟದ ಪತ್ರಿಕೆ ಎಂದು ಯಾರೂ ಕೊಡುವುದಿಲ್ಲ. ಪರೀಕ್ಷೆ ದೇಶಕ್ಕೆಲ್ಲ ಒಂದೇ ಆದರೂ ಲೈಸೆನ್ಸ್ ಕೊಡುವುದು ಮಾತ್ರ ಆಯಾ ರಾಜ್ಯದ ನರ್ಸಿಂಗ್ ಮಂಡಳಿ. ಬಿಕ್ಕಟ್ಟು ಇರುವುದು ಇಲ್ಲೇ.

ಕ್ಯಾಲಿಫೋರ್ನಿಯಾದ ಮಂಡಳಿ ಒಂದು ಗೆರೆ ಎಳೆಯಿತು. 2003ರ ಡಿಸೆಂಬರ್ 6ರಂದು ಅಥವಾ ಆಮೇಲೆ ಎಕ್ಸೆಲ್ಸಿಯರ್‌ಗೆ ಸೇರಿದವರಿಗೆ ಆ ರಾಜ್ಯದ ಆರ್‌ಎನ್ ಲೈಸೆನ್ಸ್ ಇಲ್ಲ. ಕಾರಣ: ಪಾಠ ಮತ್ತು ರೋಗಿಗಳ ನಡುವಿನ ತರಬೇತಿ ಎರಡೂ ಜೊತೆಜೊತೆಗೆ, ಅಧ್ಯಾಪಕರ ಕಣ್ಣಮುಂದೆ ನಡೆದಿರಬೇಕೆಂಬ ಅಲ್ಲಿನ ನಿಯಮ. ಕಾಲೇಜು ನ್ಯಾಯಾಲಯಕ್ಕೆ ಹೋಯಿತು. 2006ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಮಂಡಳಿಯ ಪರವಾಗಿಯೇ ಬಂತು. ಇನ್ನೂ ಕೆಲವು ರಾಜ್ಯಗಳು ಬಾಗಿಲನ್ನು ಪೂರ್ತಿ ಮುಚ್ಚದೆ ತಮ್ಮ ತಮ್ಮ ಷರತ್ತು ಹಾಕಿದವು. ಒಂದೇ ಕಾಲೇಜು, ಒಂದೇ ಪರೀಕ್ಷೆ, ಒಂದೇ ಪ್ರಮಾಣಪತ್ರ. ಒಂದು ರಾಜ್ಯದಲ್ಲಿ ಅವಳು ಐಸಿಯು ನರ್ಸ್, ಇನ್ನೊಂದರಲ್ಲಿ ಅರ್ಜಿ ತಿರಸ್ಕೃತವಾದ ಹೆಂಗಸು.

ಕಾನೂನಿನ ಅಕ್ಷರ ಮಂಡಳಿಯ ಕಡೆ ಇತ್ತು, ಒಪ್ಪುತ್ತೇನೆ. ನಾನು ಮಾತಾಡುತ್ತಿರುವುದು ಆತ್ಮಸಾಕ್ಷಿಯ ಬಗ್ಗೆ.

ನನ್ನ ಜೊತೆ ರಾತ್ರಿ ಡ್ಯೂಟಿ ಮಾಡುತ್ತಿದ್ದ ಒಬ್ಬಳಿದ್ದಳು. ಹೆಸರು, ಊರು ಬೇಡ. ವೃದ್ಧರ ವಿಭಾಗದಲ್ಲಿ ಎಲ್‌ಪಿಎನ್. ನಡುರಾತ್ರಿಯ ಔಷಧದ ಸುತ್ತು ಮುಗಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದವರ ಮಗ್ಗುಲು ಬದಲಿಸಿ, ಬ್ರೇಕ್ ರೂಮಿನ ಮೈಕ್ರೋವೇವ್ ಪಕ್ಕ ಕೂತು ಓದುತ್ತಿದ್ದಳು. ಪುಸ್ತಕದ ಅಂಚಿಗೆಲ್ಲ ಹಳದಿ ಚೀಟಿ. ಒಂದೊಂದು ಚೀಟಿಯಲ್ಲೂ ಒಂದೊಂದು ಲೆಕ್ಕ: ಸಾವಿರ ಎಂಎಲ್ ಸಲೈನು, ಎಂಟು ಗಂಟೆ, ಎಂಎಲ್‌ಗೆ ಹದಿನೈದು ಹನಿಯ ಸೆಟ್, ನಿಮಿಷಕ್ಕೆಷ್ಟು? "ಮೂವತ್ತೊಂದು," ಎಂದು ನಾನು ಹೇಳುವ ಮೊದಲೇ ಅವಳೇ ಹೇಳುತ್ತಿದ್ದಳು. ಆಮೇಲೆ ಕೇಳುತ್ತಿದ್ದಳು, "ಹನಿ ನಿಂತೇ ಹೋದರೆ ಮೊದಲು ಏನು ನೋಡುತ್ತೀ?" ಕ್ಲಾಂಪ್, ಮಡಚಿಕೊಂಡ ಟ್ಯೂಬು, ಸೂಜಿ ಹಾಕಿದ ಜಾಗದ ಊತ, ರೋಗಿಯ ಮಡಚಿದ ಮೊಣಕೈ. ಪುಸ್ತಕ ನೋಡದೆ, ಬೆರಳು ಮಡಚಿ ಎಣಿಸುತ್ತಿದ್ದಳು. ಅವಳು ಅದನ್ನು ಕಲಿತಿದ್ದು ವಾರ್ಡಿನಲ್ಲೇ. ಪುಸ್ತಕ ಅದಕ್ಕೊಂದು ಕ್ರಮ ಕೊಟ್ಟಿತ್ತು ಅಷ್ಟೇ.

ದೂರಶಿಕ್ಷಣದಲ್ಲಿ ಪಾಸಾದಳು, ಎನ್‌ಕ್ಲೆಕ್ಸ್ ಪಾಸಾದಳು, ಆರ್‌ಎನ್ ಆದಳು, ವರ್ಷಗಟ್ಟಲೆ ಕೆಲಸ ಮಾಡಿದಳು. ಗಂಡನಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು. ಹೋದಳು. ಅಲ್ಲಿಂದ ಬಂದ ಉತ್ತರದಲ್ಲಿ ಅವಳ ಕೆಲಸದ ಗುಣಮಟ್ಟದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ನೀವು ಓದಿದ ಕಾರ್ಯಕ್ರಮ ನಮ್ಮ ನಿಯಮಕ್ಕೆ ಸರಿಹೊಂದುವುದಿಲ್ಲ, ಅಷ್ಟೇ. ಮೊದಲಿಂದ ಎರಡು ವರ್ಷ ಓದಿ ಬನ್ನಿ. ವಯಸ್ಸಾದ ತಾಯಿ, ಹೈಸ್ಕೂಲಿನ ಇಬ್ಬರು ಮಕ್ಕಳು ಮನೆಯಲ್ಲಿ. ಅವಳು ಮತ್ತೆ ಎಲ್‌ಪಿಎನ್ ಕೆಲಸಕ್ಕೆ ಸೇರಿದಳು. ಅವಳ ಕೈಕೆಳಗೆ ಕಲಿತ ಹುಡುಗಿಯರು ಹಳೆಯ ಊರಿನಲ್ಲಿ ಚಾರ್ಜ್ ನರ್ಸ್ ಆಗಿದ್ದಾರೆ.

ಇದರಿಂದ ಯಾವ ರೋಗಿಗೆ ಏನು ರಕ್ಷಣೆ ಸಿಕ್ಕಿತು? ಯಾರಾದರೂ ನನಗೆ ಹೇಳಿ.

ನಿಯಮ ಕಟ್ಟುನಿಟ್ಟಾಗಿದ್ದರೆ ಎಲ್ಲರಿಗೂ ಕಟ್ಟುನಿಟ್ಟಾಗಿರಲಿ. ಹಾಗಿಲ್ಲ. ಇದೇ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಎಲ್‌ವಿಎನ್‌ಗಳಿಗೆಂದು '30 ಯೂನಿಟ್' ಎಂಬ ಒಂದು ದಾರಿ ಇದೆ. ಪದವಿಯೇ ಬೇಡ. ಹೆಚ್ಚೆಂದರೆ ಮೂವತ್ತು ಯೂನಿಟ್‌ನಷ್ಟು ಪಾಠ ಮುಗಿಸಿ ಎನ್‌ಕ್ಲೆಕ್ಸ್ ಬರೆದು ಆರ್‌ಎನ್ ಆಗಬಹುದು. ಹಾಗೆ ಆದವರ ಲೈಸೆನ್ಸನ್ನು ಬೇರೆ ಎಷ್ಟೋ ರಾಜ್ಯಗಳು ಒಪ್ಪುವುದಿಲ್ಲ. ಅಂದರೆ ಕ್ಯಾಲಿಫೋರ್ನಿಯಾ ಒಪ್ಪಿದ ನರ್ಸನ್ನು ಬೇರೆಯವರು ಒಪ್ಪರು, ಬೇರೆಯವರು ಒಪ್ಪಿದ ನರ್ಸನ್ನು ಕ್ಯಾಲಿಫೋರ್ನಿಯಾ ಒಪ್ಪದು. ಎರಡೂ ಕಡೆ ರೋಗಿಯ ಸುರಕ್ಷತೆಯೇ ಕಾರಣವಂತೆ! ಆ ದಾರಿಯಲ್ಲಿ ಬಂದವರ ಮೇಲೆ ನನಗೇನೂ ಮುನಿಸಿಲ್ಲ, ಅವರೂ ದುಡಿದು ಮೇಲೆ ಬಂದವರೇ. ಆದರೆ ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಏಕೆ ಎಂದು ಕೇಳಬಾರದೇ?

ನ್ಯೂಯಾರ್ಕಿನಲ್ಲಿ 2017ರ ಡಿಸೆಂಬರಿನಲ್ಲಿ ಒಂದು ಕಾನೂನು ಬಂತು. ಹೊಸದಾಗಿ ಆರ್‌ಎನ್ ಆಗುವವರು ಹತ್ತು ವರ್ಷದೊಳಗೆ ನರ್ಸಿಂಗ್‌ನಲ್ಲಿ ಬ್ಯಾಚಲರ್ ಪದವಿ ಪಡೆಯಲೇಬೇಕು. ಒಳ್ಳೆಯದೇ. ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ, ಪದವೀಧರ ನರ್ಸ್‌ಗಳ ಪಾಲು ಹೆಚ್ಚಿದ್ದ ಕಡೆ ಶಸ್ತ್ರಚಿಕಿತ್ಸೆಯ ನಂತರದ ಸಾವು ಕಡಿಮೆ ಎಂದು ತೋರಿಸಿತ್ತು. ಓದಿದ ನರ್ಸ್ ರೋಗಿಯ ಪ್ರಾಣ ಉಳಿಸುತ್ತಾಳೆ. ಸರಿ, ಡ್ಯೂಟಿ ಬಿಡಲಾಗದ ನರ್ಸ್‌ಗಳು ಆ ಪದವಿಯನ್ನು ಪಡೆಯುವುದು ಹೇಗೆ? ದೇಶದ ತುಂಬ ಎಷ್ಟೋ ಮಂದಿ ಆನ್‌ಲೈನಿನಲ್ಲೇ ಓದುತ್ತಿದ್ದಾರೆ. ಆ ಆನ್‌ಲೈನ್ ಪದವಿಯನ್ನು ಆಸ್ಪತ್ರೆಗಳು ಹಾರ ಹಾಕಿ ಬರಮಾಡಿಕೊಳ್ಳುತ್ತವೆ. ಆರ್‌ಎನ್ ಆದವಳು ದೂರದಿಂದ ಕಲಿತರೆ ಅದು ವೃತ್ತಿಯ ಬೆಳವಣಿಗೆ, ಎಲ್‌ಪಿಎನ್ ದೂರದಿಂದ ಕಲಿತರೆ ಅನುಮಾನ. ಕೆಳಗಿನ ಮೆಟ್ಟಿಲಿನಲ್ಲಿ ನಿಂತವಳನ್ನೇ ನೋಡಿ ಏಣಿ ಎಳೆದುಕೊಳ್ಳುವ ಬುದ್ಧಿ ಇದು.

2020ರ ಮಾರ್ಚ್ ನೆನಪಿದೆಯೇ? ನ್ಯೂಯಾರ್ಕಿನ ಆಸ್ಪತ್ರೆಗಳ ಹೊರಗೆ ಶೈತ್ಯ ಲಾರಿಗಳು ನಿಂತಿದ್ದ ದಿನಗಳು. ಆಗ ನ್ಯೂಯಾರ್ಕಿನ ಗವರ್ನರ್ ಆದೇಶ ಹೊರಡಿಸಿ, ಬೇರೆ ರಾಜ್ಯದ ಲೈಸೆನ್ಸ್ ಇರುವ ನರ್ಸ್‌ಗಳು ಬಂದು ಕೆಲಸ ಮಾಡಬಹುದು ಎಂದರು. ಕ್ಯಾಲಿಫೋರ್ನಿಯಾ ಕೂಡ ತುರ್ತು ಪರಿಸ್ಥಿತಿ ಘೋಷಿಸಿ ಹೊರರಾಜ್ಯದ ಆರೋಗ್ಯ ಸಿಬ್ಬಂದಿಗೆ ದಾರಿ ತೆರೆಯಿತು. ಉಸಿರಿಗಾಗಿ ಒದ್ದಾಡುತ್ತಿದ್ದ ರೋಗಿ ಯಾರನ್ನೂ ನೀನು ಕ್ಯಾಂಪಸ್ಸಿನಲ್ಲಿ ಓದಿದೆಯಾ, ಮನೆಯಲ್ಲಿ ಓದಿದೆಯಾ ಎಂದು ಕೇಳಲಿಲ್ಲ. ಕೊರೋನಾ ಇಳಿಯಿತು, ಆದೇಶಗಳ ಅವಧಿ ಮುಗಿಯಿತು, ಹಳೆಯ ಗೇಟು ಮತ್ತೆ ಹಾಕಿಕೊಂಡಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಇನ್ನು ಆಕ್ಷೇಪಣೆಗಳಿಗೆ ಬರೋಣ. ಅವುಗಳನ್ನು ಮುಚ್ಚಿಟ್ಟು ಮಾಡುವ ವಾದ ವಾದವೇ ಅಲ್ಲ.

ಮೊದಲನೆಯದು, ನರ್ಸಿಂಗ್ ಕೈಯ ವಿದ್ಯೆ, ಅದನ್ನು ಮನೆಯಲ್ಲಿ ಕೂತು ಕಲಿಯಲಾಗದು ಎಂಬುದು. ನೂರಕ್ಕೆ ನೂರು ನಿಜ. ರೋಗಿಯನ್ನು ಮುಟ್ಟಿಯೇ ನೋಡದ ಹದಿನೆಂಟರ ಹುಡುಗಿಗೆ ಬರೀ ಲ್ಯಾಪ್‌ಟಾಪಿನಲ್ಲಿ ನರ್ಸಿಂಗ್ ಕಲಿಸಿ ಲೈಸೆನ್ಸ್ ಕೊಡಿ ಎಂದು ನಾನು ಯಾವತ್ತೂ ಕೇಳುವುದಿಲ್ಲ, ಕೇಳಿದವರ ವಿರುದ್ಧ ನಿಲ್ಲುತ್ತೇನೆ. ನಾನು ಹೇಳುತ್ತಿರುವುದು ಆಗಲೇ ಲೈಸೆನ್ಸ್ ಇರುವ, ಆಗಲೇ ರೋಗಿಗಳ ನಡುವೆ ಇರುವ ಕೈಗಳ ಬಗ್ಗೆ. ಅವರಲ್ಲಿ ಕೊರತೆ ಇದ್ದರೆ ಎಲ್ಲಿ ಎಂದು ತೋರಿಸಿ. ಹೆರಿಗೆ ವಾರ್ಡ್ ನೋಡಿಲ್ಲವೇ, ಮಕ್ಕಳ ವಾರ್ಡ್ ನೋಡಿಲ್ಲವೇ, ಅಲ್ಲಿ ಇಷ್ಟು ಗಂಟೆ ದುಡಿಸಿ. ಎಲ್ಲವನ್ನೂ ಅಳಿಸಿ ಸೊನ್ನೆಯಿಂದ ಶುರುಮಾಡು ಎನ್ನುವುದು ತರಬೇತಿಯಾಗದು, ಅದು ದಂಡ. ಗಂಟೆಗಳ ಲೆಕ್ಕವೇ ಎಲ್ಲ ಅಲ್ಲ ಎಂದು ರಾಜ್ಯ ಮಂಡಳಿಗಳ ರಾಷ್ಟ್ರೀಯ ಒಕ್ಕೂಟವೇ ಕಂಡುಕೊಂಡಿದೆ. ಹತ್ತು ಕಾಲೇಜುಗಳಲ್ಲಿ ಅದು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಲಿನಿಕಲ್ ಗಂಟೆಗಳ ಅರ್ಧದಷ್ಟನ್ನು ಉತ್ತಮ ಸಿಮ್ಯುಲೇಷನ್‌ನಿಂದ ತುಂಬಿದರೂ ವಿದ್ಯಾರ್ಥಿಗಳ ಸಾಮರ್ಥ್ಯ ಕುಗ್ಗಲಿಲ್ಲ. ಬೊಂಬೆಯ ಮೇಲೆ ಕಳೆದ ಗಂಟೆಗೆ ಬೆಲೆ ಇದೆ ಎನ್ನುವುದಾದರೆ, ವರ್ಷಗಟ್ಟಲೆ ಮನುಷ್ಯರ ಮೇಲೆ ಕಳೆದ ಗಂಟೆಗಳಿಗೆ ಬೆಲೆ ಇಲ್ಲವೇ?

ಎರಡನೆಯದು ಮೋಸದ ಮಾತು. 2023ರ ಜನವರಿಯಲ್ಲಿ ಆಪರೇಷನ್ ನೈಟಿಂಗೇಲ್ ಎಂಬ ಹೆಸರಿನ ತನಿಖೆ ದೇಶವನ್ನೇ ಬೆಚ್ಚಿಬೀಳಿಸಿತು. ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳು 7,600ಕ್ಕೂ ಹೆಚ್ಚು ಸುಳ್ಳು ಡಿಪ್ಲೊಮಾ ಮಾರಿದ್ದವು. ಅವನ್ನು ಕೊಂಡವರಲ್ಲಿ ಸುಮಾರು 2,400 ಮಂದಿ ಎನ್‌ಕ್ಲೆಕ್ಸ್ ಪಾಸಾಗಿಬಿಟ್ಟಿದ್ದರು. ಈ ಸುದ್ದಿ ಓದಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬರವಣಿಗೆಯ ಪರೀಕ್ಷೆಯೊಂದೇ ಸಾಲದು ಎಂಬುದಕ್ಕೆ ಅದೇ ಸಾಕ್ಷಿ. ಹಾಗೆಂದೇ ಮಂಚದ ಪಕ್ಕದ ಪರೀಕ್ಷೆ ಬೇಕು ಎನ್ನುತ್ತೇನೆ. ಆದರೆ ಗಮನಿಸಿ, ಅವು ಕಟ್ಟಡ ಇದ್ದ, ಬೋರ್ಡು ತೂಗುಹಾಕಿದ್ದ ಶಾಲೆಗಳು. ಅಲ್ಲಿ ಇಲ್ಲದ್ದು ಪ್ರಾಮಾಣಿಕತೆ. ಕಟ್ಟಡ ಇದ್ದ ಮಾತ್ರಕ್ಕೆ ಕಲಿಕೆ ಇರುತ್ತದೆ ಎಂಬ ನಂಬಿಕೆಯೇ ಅಲ್ಲಿ ಮುರಿದುಬಿದ್ದದ್ದು. ಅದನ್ನು ತೋರಿಸಿ ನಿದ್ದೆಗೆಟ್ಟು ಓದಿದವಳ ಲೈಸೆನ್ಸ್ ತಡೆಯುವುದೆಂದರೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ.

ಮೂರನೆಯದು, ಸೇರುವಾಗಲೇ ನೋಡಿಕೊಂಡು ಸೇರಬೇಕಿತ್ತು ಎಂಬ ಮಾತು. ಅವಳು ಸೇರುವಾಗ ತನ್ನ ರಾಜ್ಯವನ್ನು ನೋಡಿಯೇ ಸೇರಿದಳು. ಹತ್ತು ವರ್ಷದ ನಂತರ ಗಂಡನಿಗೆ ಎಲ್ಲಿ ಕೆಲಸ ಸಿಗುತ್ತದೆ, ಯಾವ ಊರಿನಲ್ಲಿ ತಾಯಿ ಹಾಸಿಗೆ ಹಿಡಿಯುತ್ತಾಳೆ ಎಂದು ಯಾವ ಜಾತಕ ನೋಡಿ ತಿಳಿಯಬೇಕು? ಕೋರ್ಸು ಯಾವ ರಾಜ್ಯದಲ್ಲಿ ಲೈಸೆನ್ಸಿಗೆ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಕಾಲೇಜುಗಳು ಬಹಿರಂಗವಾಗಿ ತಿಳಿಸಬೇಕೆಂಬ ಕೇಂದ್ರ ಶಿಕ್ಷಣ ಇಲಾಖೆಯ ನಿಯಮ ಜಾರಿಗೆ ಬಂದದ್ದೇ 2020ರ ಜುಲೈಯಲ್ಲಿ. ಅದಕ್ಕೂ ಹಿಂದೆ ಸೇರಿದವರ ಗತಿ ಏನು?

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಜಾರ್ಜಿಯಾ ರಾಜ್ಯ ಬಾಗಿಲು ಹಾಕಿ ಕೂರಲಿಲ್ಲ. ಸಾಂಪ್ರದಾಯಿಕವಲ್ಲದ ನರ್ಸಿಂಗ್ ಶಿಕ್ಷಣ ಎಂಬ ವರ್ಗವನ್ನೇ ಕಾನೂನಿನಲ್ಲಿ ಗುರುತಿಸಿ, ಅರ್ಜಿದಾರರ ಹಿಂದಿನ ಅನುಭವ ಎಷ್ಟು, ಎಂಥದ್ದು ಎಂದು ನೋಡಿ, ಅದಕ್ಕೆ ತಕ್ಕಂತೆ ಅನುಭವಿ ಆರ್‌ಎನ್ ಒಬ್ಬರ ಉಸ್ತುವಾರಿಯಲ್ಲಿ ನೂರಾರು ಗಂಟೆಗಳ ಪ್ರಿಸೆಪ್ಟರ್‌ಷಿಪ್ ಮಾಡಿಸುವ ಏರ್ಪಾಡು ಮಾಡಿತು. ಅದರಲ್ಲೂ ಕುಂದುಗಳಿರಬಹುದು. ಆದರೆ ಅದರ ಹಿಂದಿನ ಮನಸ್ಸು ಸರಿಯಾದದ್ದು: ನಿನ್ನಲ್ಲಿ ಏನಿದೆ ತೋರಿಸು, ಏನಿಲ್ಲವೋ ಅದನ್ನು ಕಲಿಸುತ್ತೇವೆ. ರೋಗಿಗೂ ರಕ್ಷಣೆ, ದುಡಿದವಳಿಗೂ ಮರ್ಯಾದೆ.

ಈಗ ನಮ್ಮ ಮಾತು. ಇದು ನಮಗೇಕೆ ಎಂದು ಇನ್ನೂ ಯಾರಿಗಾದರೂ ಅನ್ನಿಸುತ್ತಿದ್ದರೆ ಕೇಳಿ. ಕರ್ನಾಟಕದಲ್ಲಿ ಓದಿ ಈ ದೇಶಕ್ಕೆ ಬಂದ ಪ್ರತಿಯೊಬ್ಬ ನರ್ಸ್‌ಗೂ ತನ್ನ ಓದನ್ನು ಅನುಮಾನದಿಂದ ನೋಡಿದ ಕಣ್ಣುಗಳ ಪರಿಚಯವಿದೆ. ವಿದೇಶಿ ನರ್ಸ್‌ಗಳ ಓದನ್ನು ಪರಿಶೀಲಿಸುವ ಸಂಸ್ಥೆಯಾದ ಸಿಜಿಎಫ್‌ಎನ್‌ಎಸ್‌ಗೆ ಕಾಗದಪತ್ರ ಕಳಿಸಿ, ಕಾಲೇಜಿನಿಂದ ಮೊಹರು ಹಾಕಿದ ಲಕೋಟೆ ಬಂತೋ ಇಲ್ಲವೋ ಎಂದು ತಿಂಗಳುಗಟ್ಟಲೆ ಕಾದು, ಯಾವ ವಿಷಯಕ್ಕೆ ಎಷ್ಟು ಗಂಟೆ ಥಿಯರಿ, ಎಷ್ಟು ಗಂಟೆ ಪ್ರಾಕ್ಟಿಕಲ್ ಎಂದು ಊರಿನ ಕ್ಲಾರ್ಕಿಗೆ ಫೋನಿನಲ್ಲಿ ಗೋಗರೆದದ್ದು ಮರೆತುಹೋಯಿತೇ? ಪಾಠವೂ ಪ್ರಾಕ್ಟಿಕಲ್ಲೂ ಜೊತೆಜೊತೆಗೇ ನಡೆದಿರಬೇಕೆಂಬ ಕ್ಯಾಲಿಫೋರ್ನಿಯಾದ ಅದೇ ನಿಯಮಕ್ಕೆ ಸಿಕ್ಕಿ, ಫಿಲಿಪೀನ್ಸಿನಲ್ಲಿ ಕ್ರಮಬದ್ಧವಾಗಿ ಕಾಲೇಜಿಗೆ ಹೋಗಿ ಓದಿದ ನರ್ಸ್‌ಗಳೂ ಲೈಸೆನ್ಸ್ ಸಿಗದೆ ಒದ್ದಾಡಿದ್ದಾರೆ. ಅಂದರೆ ಅನುಮಾನದ ಗೇಟು ದೂರಶಿಕ್ಷಣದ ಮುಂದೆ ಮಾತ್ರ ನಿಂತಿಲ್ಲ. ಇವತ್ತು ಅವಳ ಮುಂದೆ, ನಾಳೆ ನಮ್ಮ ಹುಡುಗಿಯರ ಮುಂದೆ. ಒಳಗೆ ಬಂದವರು ಹಿಂದೆ ತಿರುಗಿ ನೋಡದಿದ್ದರೆ ಗೇಟು ಕಾಯುವವರಿಗೂ ನಮಗೂ ಏನು ವ್ಯತ್ಯಾಸ?

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು.

ವೈದ್ಯರೇ, ನಿಮ್ಮ ಮಾತಿಗೆ ಈ ದೇಶದಲ್ಲಿ ತೂಕವಿದೆ. ನಡುರಾತ್ರಿ ಫೋನ್ ಮಾಡಿ, "ಡಾಕ್ಟರೇ, ಈ ರೋಗಿ ಯಾಕೋ ಸರಿ ಕಾಣುತ್ತಿಲ್ಲ," ಎಂದು ಎಚ್ಚರಿಸಿದ ಎಲ್‌ಪಿಎನ್ ಒಬ್ಬಳಾದರೂ ನಿಮ್ಮ ನೆನಪಿನಲ್ಲಿದ್ದಾಳೆ. ಅವಳಂಥವರ ಪರವಾಗಿ ನಿಮ್ಮ ರಾಜ್ಯದ ನರ್ಸಿಂಗ್ ಮಂಡಳಿಗೆ ಒಂದು ಪತ್ರ ಬರೆಯಿರಿ. ಸಹಿಯ ಕೆಳಗೆ ನಿಮ್ಮ ಹುದ್ದೆ ಬರೆಯಿರಿ.

ಆಸ್ಪತ್ರೆ ಆಡಳಿತದಲ್ಲಿರುವವರೇ, ನರ್ಸ್‌ಗಳು ಸಿಗುತ್ತಿಲ್ಲ ಎಂದು ಪ್ರತಿ ಮೀಟಿಂಗಿನಲ್ಲೂ ಗೊಣಗುತ್ತೀರಿ. ನಿಮ್ಮ ಕಾರಿಡಾರಿನಲ್ಲೇ ಓಡಾಡುತ್ತಿರುವ ಎಲ್‌ಪಿಎನ್‌ಗಳಿಗೆ ಕ್ಲಿನಿಕಲ್ ಗಂಟೆಗಳಿಗೆ ಜಾಗ ಕೊಡಿ, ಪ್ರಿಸೆಪ್ಟರ್ ಕೊಡಿ, ಓದುವವರಿಗೆ ಡ್ಯೂಟಿ ಹೊಂದಿಸಿಕೊಡಿ. ಜಾಗ ಇಲ್ಲ ಎಂದು ನೀವೇ ಬಾಗಿಲು ಹಾಕಿಕೊಂಡು ಅನುಭವ ಇಲ್ಲ ಎಂದು ಅವರನ್ನೇ ದೂರಬೇಡಿ.

ನರ್ಸ್ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಾವು ಕಷ್ಟಪಟ್ಟು ಬಂದೆವು, ಅವರೂ ಪಡಲಿ ಎಂಬ ಮಾತು ನಮ್ಮಲ್ಲೇ ಕೆಲವರ ಬಾಯಲ್ಲಿ ಕೇಳಿದ್ದೇನೆ. ಬೇಡ. ಅತ್ತೆ ಕಾಟ ತಿಂದ ಸೊಸೆ ತಾನು ಅತ್ತೆಯಾದಾಗ ಆಡುವ ಮಾತು ಅದು. ಪ್ರಿಸೆಪ್ಟರ್ ಆಗಲು ಮುಂದೆ ಬನ್ನಿ. ನಿಮ್ಮ ಸಂಘಟನೆಗಳಲ್ಲಿ ಈ ವಿಷಯವನ್ನು ಎತ್ತಿ.

ಮತದಾರರೇ, ಲೈಸೆನ್ಸಿನ ನಿಯಮ ಮಾಡುವುದು ವಾಷಿಂಗ್ಟನ್ ಅಲ್ಲ, ನಿಮ್ಮ ರಾಜ್ಯದ ಶಾಸನಸಭೆ. ಅಲ್ಲಿಯ ಸದಸ್ಯರಿಗೆ ನಿಮ್ಮ ಒಂದು ಪತ್ರ, ಒಂದು ಫೋನ್ ಕರೆ ಲೆಕ್ಕಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಮಯ ಕೊಡಲೇಬೇಕೆಂದು ಕಾನೂನೇ ಇದೆ. ಎರಡು ನಿಮಿಷ ಸಿಕ್ಕರೂ ಸಾಕು, ಎದ್ದು ನಿಂತು ಮೂರು ಬೇಡಿಕೆ ಇಡಿ. ಕಾಲೇಜಿನ ಹೆಸರು ನೋಡಿ ತಿರಸ್ಕರಿಸಬೇಡಿ, ಒಬ್ಬೊಬ್ಬರ ಅರ್ಜಿಯನ್ನೂ ತೆರೆದು ನೋಡಿ. ಬೇರೆ ರಾಜ್ಯದಲ್ಲಿ ಕಪ್ಪುಚುಕ್ಕೆಯಿಲ್ಲದೆ ಮಾಡಿದ ಸೇವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಕೊರತೆ ಇದ್ದರೆ ಅದನ್ನು ಬರೆದು ತಿಳಿಸಿ, ತುಂಬಿಕೊಳ್ಳುವ ದಾರಿಯನ್ನೂ ಕೊಡಿ. ನಲವತ್ತಕ್ಕೂ ಹೆಚ್ಚು ರಾಜ್ಯಗಳು ಇವತ್ತು ಲೈಸೆನ್ಸ್ ಒಪ್ಪಂದವೊಂದಕ್ಕೆ ಸೇರಿ, ಒಂದು ಕಡೆ ಪಡೆದ ಲೈಸೆನ್ಸಿನಿಂದ ಇನ್ನೊಂದು ಕಡೆ ದುಡಿಯಲು ಬಿಡುತ್ತಿವೆ. 2018ರ ಜನವರಿಯಲ್ಲಿ ಆ ಒಪ್ಪಂದದ ಹೊಸ ರೂಪ ಜಾರಿಗೆ ಬಂದ ಮೇಲೂ ಕ್ಯಾಲಿಫೋರ್ನಿಯಾ ಹೊರಗೇ ಉಳಿದಿದೆ. ಒಪ್ಪಂದಕ್ಕೆ ಸೇರದಿರಲು ಅದಕ್ಕೆ ಅದರದೇ ಕಾರಣಗಳಿರಬಹುದು. ಮನುಷ್ಯರ ಅರ್ಜಿಯನ್ನು ತೆರೆದು ನೋಡದಿರಲು ಕಾರಣವಿಲ್ಲ.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ಒಂದು ಮಾತು. ನಮ್ಮಲ್ಲಿ ಇಗ್ನೋ ವಿಶ್ವವಿದ್ಯಾಲಯ ಜಿಎನ್‌ಎಂ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿರುವ ನರ್ಸ್‌ಗಳಿಗೆ ದೂರಶಿಕ್ಷಣದಲ್ಲಿ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಕಲಿಸುತ್ತ ಬಂದಿದೆ, ಭಾರತೀಯ ನರ್ಸಿಂಗ್ ಪರಿಷತ್ತು ಅದನ್ನು ಮಾನ್ಯ ಮಾಡಿದೆ. ಅದಕ್ಕೆ ಸೇರಲು ನೋಂದಣಿ ಬೇಕು, ಸೇವೆಯ ಅನುಭವ ಬೇಕು. ಆಗಲೇ ನರ್ಸ್ ಆದವರಿಗೆ ಮಾತ್ರ ಬಾಗಿಲು ಎಂಬ ಆ ವಿವೇಕ ಸರಿಯಾದದ್ದು. ಇನ್ನೊಂದು ಕಡೆ ಯುಜಿಸಿಯ 2020ರ ನಿಯಮಾವಳಿ ನರ್ಸಿಂಗನ್ನು ದೂರಶಿಕ್ಷಣಕ್ಕೆ ನಿಷಿದ್ಧವಾದ ವಿಷಯಗಳ ಪಟ್ಟಿಯಲ್ಲಿ ಇಟ್ಟಿದೆ. ಅಂಗಡಿ ತೆರೆದು ಪದವಿ ಮಾರುವವರನ್ನು ತಡೆಯಲು ಅಂಥ ಬೇಲಿ ಬೇಕು, ನಿಜ. ಈ ನಡುವೆ 1947ರ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ಅದರಡಿ ಪ್ರತಿ ರಾಜ್ಯಕ್ಕೂ ಒಂದು ಆಯೋಗ. ನಿಯಮ ಬರೆಯುವ ಮೇಜಿನ ಮುಂದೆ ಕೂರುವವರು ಅಮೆರಿಕದ ಈ ಕಥೆಯನ್ನು ಓದಿಕೊಂಡು ಕೂರಲಿ. ರಾಯಚೂರಿನ, ಚಾಮರಾಜನಗರದ ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದ ಸಿಸ್ಟರ್ ಕೆಲಸ ಬಿಡದೆ ಓದುವ ದಾರಿ ಅಗಲವಾಗಲಿ, ಪರೀಕ್ಷೆ ಕಠಿಣವಾಗಲಿ, ಹಾಗೆ ಪಡೆದ ಪದವಿಗೆ ಎಲ್ಲ ರಾಜ್ಯಗಳ ರಿಜಿಸ್ಟರಿನಲ್ಲೂ ಒಂದೇ ಬೆಲೆ ಸಿಗಲಿ.

ಬಂಧುಗಳೇ, ನಾವೆಲ್ಲರೂ ಒಂದು ದಿನ ಆ ಮಂಚದ ಮೇಲೆ ಮಲಗುವವರೇ. ಮಲಗಿದಾಗ ನಮಗೆ ಬೇಕಾದದ್ದು ಕೈ ತೊಳೆದುಕೊಂಡು ಬರುವ, ಕೈಪಟ್ಟಿ ಓದಿ ಔಷಧ ಕೊಡುವ, ಮುಖ ನೋಡಿ ಅಪಾಯ ಗುರುತಿಸುವ ನರ್ಸ್. ಅಂಥ ಸಾವಿರಾರು ಮಂದಿ ಇದ್ದಾರೆ, ಇದ್ದೂ ಹೊರಗಿದ್ದಾರೆ. ಅವರು ದಾನ ಕೇಳುತ್ತಿಲ್ಲ, ರಿಯಾಯಿತಿಯನ್ನೂ ಕೇಳುತ್ತಿಲ್ಲ. ಪರೀಕ್ಷಿಸಿ ನೋಡಿ ಅನ್ನುತ್ತಿದ್ದಾರೆ. ಪರೀಕ್ಷಿಸುವುದಕ್ಕೂ ಒಪ್ಪದ ರಾಜ್ಯ ಹೆದರುತ್ತಿರುವುದು ರೋಗಿಗಾಗಿ ಅಲ್ಲ, ತನ್ನ ಕಡತಕ್ಕಾಗಿ. ಆ ಕಡತ ತೆರೆಸುವ ಶಕ್ತಿ ನಿಮ್ಮ ಓಟಿನಲ್ಲಿದೆ, ನಿಮ್ಮ ಹುದ್ದೆಯಲ್ಲಿದೆ, ನಿಮ್ಮ ಮಾತಿನಲ್ಲಿದೆ. ಈ ವಾರವೇ ನಿಮ್ಮ ರಾಜ್ಯದ ಮಂಡಳಿಯ ಮುಂದಿನ ಸಭೆ ಯಾವತ್ತು ಎಂದು ನೋಡಿ, ತಾರೀಖು ಗುರುತು ಹಾಕಿಕೊಳ್ಳಿ, ಹೋಗಿ ಮಾತಾಡಿ. ಒಬ್ಬರೇ ಹೋಗಬೇಡಿ, ಕೂಟದವರನ್ನೂ ಕರೆದುಕೊಂಡು ಹೋಗಿ.